ಟೈಲ್ಸ್ ಕಟ್ಟರ್‌ಗೆ ನೀರಿನ ಪೈಪು: ಇಲ್ಲಿಯವರೆಗಿನ ಕೆಲಸ

ಕಟ್ಟರ್ ಧೂಳು ಕಡಿಮೆ ಮಾಡುವ ನಮ್ಮ ಕೆಲಸ ಈಗ ಒಂದು ಹದಕ್ಕೆ ಬಂದಿದೆ. ಗೋವಾದ ಝುವಾರಿನಗರದಲ್ಲಿ ನಮ್ಮ ಓಣಿ ತುಂಬ ಟೈಲ್ಸ್ ಕೂರಿಸುವವರು. ಹೆಚ್ಚಿನವರು ಇಳಕಲ್, ಕುಷ್ಟಗಿ ಕಡೆಯವರು. ನಾನು ಕರೆಂಟ್ ಕೆಲಸದವನು. ರಜೆ ಸಿಕ್ಕರೆ ಇವರ ಮಷಿನ್ ಹಿಡಿದುಕೊಂಡು ಏನಾದರೂ ಕಿತಾಪತಿ ಮಾಡುತ್ತಿರುತ್ತೇನೆ.

ಮಾಸ್ಕ್ ಕಥೆ ಬೇಗ ಮುಗಿಸಿಬಿಡುತ್ತೇನೆ. ಎನ್95 ಕೊಟ್ಟರೆ ಈ ಸೆಕೆಗೆ ಸ್ವಲ್ಪ ಹೊತ್ತಿನಲ್ಲೇ ಗದ್ದಕ್ಕೆ ಇಳಿಯುತ್ತದೆ. ಗಡ್ಡ ಬಿಟ್ಟವರಿಗೆ ಅದು ಮುಖಕ್ಕೆ ಸರಿಯಾಗಿ ಕೂರುವುದೇ ಇಲ್ಲ. ಟವೆಲ್ ಸುತ್ತಿಕೊಳ್ಳುವುದು ಸುಮ್ನೆ ಸಮಾಧಾನಕ್ಕೆ. ಟೈಲ್ಸ್, ಕಲ್ಲು ಕೊಯ್ದಾಗ ಏಳುವ ಧೂಳಿನಲ್ಲಿ ಸಿಲಿಕಾ ಅನ್ನುವ ಖನಿಜ ಇರುತ್ತದೆ. ಎದೆಯ ಆಳಕ್ಕೆ ಇಳಿಯುವ ಅದರ ಕಣ ಕಣ್ಣಿಗೂ ಕಾಣದಷ್ಟು ಸಣ್ಣದು, ಬಟ್ಟೆಗೆ ಬಗ್ಗುವುದಿಲ್ಲ. ಮಾಸ್ಕ್ ಇರಲಿ, ಮೊದಲು ಧೂಳನ್ನು ಬ್ಲೇಡಿನ ಬುಡದಲ್ಲೇ ಕೂರಿಸೋಣ ಅಂತ ನೀರಿಗೆ ಬಂದೆವು.

ಹಲವು ಮಾರ್ಬಲ್ ಕಟ್ಟರ್‌ಗಳಲ್ಲಿ ನೀರಿನ ನಳಿಕೆ ಸಿಕ್ಕಿಸುವ ಜಾಗ ಕಂಪನಿಯಿಂದಲೇ ಇರುತ್ತದೆ. ಆದರೆ ಯಾರೂ ಹಾಕುವುದಿಲ್ಲ. ಆ ಜಾಗ ಇಲ್ಲದ ಗ್ರೈಂಡರ್‌ಗೆ ನೀರು ಬಿಡಲೇಬೇಡಿ, ಶಾಕ್ ಹೊಡೆಯುತ್ತದೆ. ಸಲೈನ್ ಪೈಪ್ ಹಾಕಿ ನೋಡಿದೆವು, ನೀರು ತೀರಾ ಸಣ್ಣಗೆ ಬಂತು. ಬ್ರಿಟನ್‌ನಲ್ಲಿ ದೊಡ್ಡ ಕಟ್ ಆಫ್ ಗರಗಸಕ್ಕೆ ನಿಮಿಷಕ್ಕೆ ಅರ್ಧ ಲೀಟರ್ ನೀರು ಬೇಕು ಅಂತ ಹೇಳುತ್ತಾರೆ. ನಮ್ಮದು ಸಣ್ಣ ಬ್ಲೇಡು, ಆದರೂ ಅದನ್ನೇ ಗುರಿ ಇಟ್ಟುಕೊಂಡೆವು. ಕೊನೆಗೆ ಕೈಗೆ ಬಂದಿದ್ದು ಊರಲ್ಲಿ ಹೊಲಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುತ್ತಾರಲ್ಲ, ಆ ಬೆನ್ನಿನ ಪಂಪು. 16 ಲೀಟರ್ ಹಿಡಿಯುತ್ತದೆ, ಅರ್ಧ ಗಂಟೆ ಕಟಿಂಗ್‌ಗೆ ಸಾಕು. ಹೊಸದೇ ತರಬೇಕು. ಎಣ್ಣೆ ಹೊಡೆದ ಹಳೇ ಪಂಪಿನ ನೀರು ಮುಖಕ್ಕೆ ಸಿಡಿದರೆ ಬೇರೆ ಗ್ರಹಚಾರ.

ಧೂಳಿನ ಮೋಡವೇನೋ ಹೋಯಿತು. ತಕರಾರು ಬಂದಿದ್ದು ಬೇರೆ ಕಡೆಯಿಂದ. ನಮ್ಮ ಮೇಸ್ತ್ರಿ ಕಾಕಾ ಟೈಲ್ಸ್ ಮೇಲೆ ಪೆನ್ಸಿಲ್ ಗೆರೆ ಎಳೆದು ಬ್ಲೇಡ್ ಇಟ್ಟರು. ನೀರು ಬಿದ್ದದ್ದೇ ಬಿಳಿ ಕೆಸರು ಹರಿದು ಗೆರೆ ಮಾಯ. "ತಮ್ಮಾ, ಗುರ್ತಾನ ಹೋತಲ್ಲೋ, ಇನ್ನ ಎಲ್ಲಿ ಕೊಯ್ಲಿ?" ಅಂದರು. ಒಂದು ಟೈಲ್ಸ್ ಓರೆ ಹೋದರೆ ಅದರ ದುಡ್ಡು ಅವರ ಕೂಲಿಯಿಂದಲೇ ಹೋಗುತ್ತದೆ. ಎದೆ ಕೆಡುವುದು ಹತ್ತು ವರ್ಷದ ಮಾತು, ಕೂಲಿ ಇವತ್ತಿನದು. ಮಕ್ಕಳ ಮೇಣದ ಬಣ್ಣದ ಕಡ್ಡಿಯಲ್ಲಿ ಗೆರೆ ಎಳೆದೆವು, ನಿಂತಿತು. ಬ್ಲೇಡ್ ಬಿಸಿಯಾಗದೆ ಜಾಸ್ತಿ ಬಾಳಿಕೆ ಬರುತ್ತಿದೆ ಅಂತ ಗೊತ್ತಾದ ಮೇಲೆ ಕಾಕಾನೇ ಪಂಪು ಕೇಳಿ ಒಯ್ಯುತ್ತಾರೆ. ಕೆಸರನ್ನು ಹಸಿ ಇರುವಾಗಲೇ ವೈಪರ್‌ನಲ್ಲಿ ಎಳೆದುಬಿಡಬೇಕು. ಒಣಗಿದ ಮೇಲೆ ಗುಡಿಸಿದರೆ ಮತ್ತೆ ಅದೇ ಧೂಳು.

ನೀರು, ಕರೆಂಟು ಒಂದೇ ಕಡೆ ಅಂದರೆ ನನಗೇ ಭಯ. ಮನೆ ಬೋರ್ಡಿನ ಎಂಸಿಬಿ ಸ್ವಿಚ್ ಕಾಯುವುದು ವೈರಿಂಗನ್ನು, ಮನುಷ್ಯನನ್ನಲ್ಲ. ಅದಕ್ಕೆ ಎಕ್ಸ್‌ಟೆನ್ಷನ್ ಬೋರ್ಡಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್, ಕೂರಿಸಿದ್ದೇನೆ. ಕೆಲಸಕ್ಕೆ ಮುಂಚೆ ಟೆಸ್ಟ್ ಬಟನ್ ಒತ್ತಬೇಕು, ಟ್ರಿಪ್ ಆಗದಿದ್ದರೆ ಮಷಿನ್ ಮುಟ್ಟುವಂತಿಲ್ಲ. ವೈರು ಪ್ಲಗ್‌ಗಿಂತ ಕೆಳಗೆ ಜೋತುಬಿದ್ದಿರಲಿ. ವೈರಿನ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಈಗ ತಲೆನೋವಾಗಿರುವುದು ಅಡುಗೆಮನೆ ಕಟ್ಟೆಗೆ ಬರುವ ಕ್ವಾರ್ಟ್ಜ್ ಸ್ಲ್ಯಾಬ್, ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕೂಡಿಸಿ ಮಾಡಿದ ಕೃತಕ ಕಲ್ಲು. ಪಾಲಿಶ್ ನೋಡಿದರೆ ಚಂದ. ಆದರೆ ಅದರಲ್ಲಿ ಸಿಲಿಕಾ 90 ಪರ್ಸೆಂಟ್ ದಾಟಿರುವುದೂ ಉಂಟು, ಗ್ರಾನೈಟ್‌ನಲ್ಲಿ ಅದರ ಅರ್ಧದಷ್ಟು ಇದ್ದರೆ ಜಾಸ್ತಿ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು. ನಮ್ಮಲ್ಲಿ ಅದನ್ನು ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ ನೀರಿಲ್ಲದೆ ಒಣದಾಗಿಯೇ ಕೊಯ್ಯುತ್ತಾರೆ. ಫ್ಯಾಕ್ಟರಿಗಾದರೆ ಇನ್‌ಸ್ಪೆಕ್ಟರ್ ಬಂದಾರು, ಫ್ಲಾಟಿನ ಬಾತ್‌ರೂಮಿಗೆ ಯಾರು ಬರಬೇಕು? ಇಂಥ ಕಲ್ಲಿಗೆ ನಮ್ಮ ಪಂಪು ಒಂದೇ ಸಾಲದು ಅಂತ ನನ್ನ ಅನಿಸಿಕೆ. ಸಿಂಕಿನ ತೂತು ಅಂಗಡಿಯಲ್ಲೇ ದೊಡ್ಡ ನೀರಿನ ಮಷಿನ್‌ನಲ್ಲಿ ಕೊಯ್ದು ತರಿಸಿ ಅಂತ ಮನೆ ಮಾಲೀಕರಿಗೆ ಹೇಳಲು ಶುರು ಮಾಡಿದ್ದೇವೆ. ಕೆಲವರು ಒಪ್ಪಿದ್ದಾರೆ.

ಕೆಮ್ಮು ಅಂತ ಡಾಕ್ಟರ ಹತ್ತಿರ ಹೋದರೆ "ಕಲ್ಲು ಕೊಯ್ಯುವ ಕೆಲಸ" ಅಂತ ಬಾಯಿ ಬಿಟ್ಟು ಹೇಳಿ ಅಂತಲೂ ಎಲ್ಲರಿಗೂ ಹೇಳುತ್ತಿದ್ದೇನೆ. ಸಿಲಿಕೋಸಿಸ್ ಅಂದರೆ ಈ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ರೋಗ. ಅದು ಬಂದವರಿಗೆ ಟಿಬಿ ಬೇಗ ಅಂಟುತ್ತದೆ. ಟಿಬಿ ಗುಣವಾಗುತ್ತದೆ, ಸಿಲಿಕೋಸಿಸ್ ಆಗುವುದಿಲ್ಲ.

ಮುಂದಿನ ಕೆಲಸ ಬೋರ್ಡಿನ ಡಬ್ಬಿ ಸಣ್ಣದು ಮಾಡುವುದು. ಸ್ಕೂಟರ್ ಮುಂದೆ ಪಂಪು ಇಟ್ಟರೆ ಇದಕ್ಕೆ ಜಾಗ ಸಿಗುತ್ತಿಲ್ಲ.