ಜಡೆ ಹೆಣೆಯುವಾಗ ಸಿಕ್ಕಿದ ಉಣುಗು

ಜೂನ್ ತಿಂಗಳ ಒಂದು ಶನಿವಾರ ಸಂಜೆ. ಮನೆಯ ಹಿಂಬದಿಯ ಮೆಟ್ಟಿಲ ಮೇಲೆ ಕೂತು ಅಮ್ಮ ನನ್ನ ಮಗಳ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದಳು. ಬಲಗಿವಿಯ ಹಿಂದೆ ಬಂದ ಬೆರಳು ಅಲ್ಲೇ ನಿಂತಿತು. ಮತ್ತೊಮ್ಮೆ ಸವರಿ ನೋಡಿದಳು. “ತಮಾ, ನನ್ನ ಕನ್ನಡಕ ತೆಗೆದುಕೊಂಡು ಬಾ. ಉಣುಗು ಕಚ್ಚಿಕೊಂಡ ಹಾಗಿದೆ” ಎಂದಳು.

ಕನ್ನಡಕ ಹಾಕಿಕೊಂಡು ನೋಡಿದರೂ ಅದು ಒಂದು ಗಸಗಸೆ ಕಾಳಿನಷ್ಟೇ ಇತ್ತು. ನಾನಾಗಿದ್ದರೆ ಮಚ್ಚೆಯೆಂದು ಬಿಟ್ಟುಬಿಡುತ್ತಿದ್ದೆ. ಆದರೆ ಅಮ್ಮನವು ಐವತ್ತು ವರ್ಷ ಕೊಟ್ಟಿಗೆಯಲ್ಲಿ ಪಳಗಿದ ಬೆರಳುಗಳು. ಹಸುವಿನ ಕಿವಿಯೊಳಗೆ, ಕೆಚ್ಚಲಿನ ಸಂದಿಯಲ್ಲಿ, ಗಂಗೆದೊಗಲಿನ ಮಡಿಕೆಯಲ್ಲಿ ಉಣುಗು ಹುಡುಕಿ ಕಿತ್ತು ಕೆಂಡಕ್ಕೆ ಹಾಕಿದ ಬೆರಳುಗಳು. ಸಾಗರ ತಾಲ್ಲೂಕಿನಿಂದ ಅಮೆರಿಕದ ಕನೆಕ್ಟಿಕಟ್‌ಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ, ಇಲ್ಲಿನ ಉಣುಗನ್ನೂ ಗುರುತು ಹಿಡಿದಿದ್ದಳು.

“ಒಂದು ತೊಟ್ಟು ಸೀಮೆಎಣ್ಣೆ ಬಿಡು, ತಾನಾಗಿ ಬಿಟ್ಟುಕೊಳ್ಳುತ್ತದೆ” ಎಂದಳು. ಊರಿನಲ್ಲಿ ನಾವು ಮಾಡುತ್ತಿದ್ದದ್ದು ಅದನ್ನೇ. ಇಲ್ಲವೇ ಊದುಬತ್ತಿಯ ಕೆಂಡ ತಾಗಿಸುತ್ತಿದ್ದೆವು. ನಾನು ಬೇಡವೆಂದೆ. ಎಣ್ಣೆ, ಬೆಂಕಿ, ವ್ಯಾಸಲೀನ್, ಉಗುರುಬಣ್ಣ ಯಾವುದನ್ನೂ ಮುಟ್ಟಿಸಬಾರದು. ಕೆರಳಿದ ಉಣುಗು ತನ್ನ ಹೊಟ್ಟೆಯಲ್ಲಿರುವುದನ್ನು ನಮ್ಮ ಚರ್ಮದೊಳಕ್ಕೇ ಕಕ್ಕುವ ಸಾಧ್ಯತೆ ಇದೆ. ಸ್ನಾನದ ಮನೆಯ ಕಪಾಟಿನಲ್ಲಿ ಚೂಪು ತುದಿಯ ಚಿಮಟ ಸದಾ ಇರುತ್ತದೆ. ಅದರಿಂದ ಉಣುಗಿನ ಹೊಟ್ಟೆಯನ್ನಲ್ಲ, ಚರ್ಮಕ್ಕೆ ಅಂಟಿದಂತಿರುವ ಬಾಯಿಯ ಭಾಗವನ್ನು ಹಿಡಿದು, ತಿರುಚದೆ, ಎಳೆದು ಜಗ್ಗದೆ, ನಿಧಾನವಾಗಿ ನೇರ ಮೇಲಕ್ಕೆತ್ತಿದೆ. ಅರ್ಧ ನಿಮಿಷದಲ್ಲಿ ಬಂತು. ಸೋಪು ನೀರಿನಲ್ಲಿ ತೊಳೆದು ಸ್ಪಿರಿಟ್ ಹಚ್ಚಿದೆ. ಉಣುಗನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ, ಮೇಲೆ ತಾರೀಕು ಬರೆದೆ. ಅಷ್ಟೆಲ್ಲ ಆಗುವವರೆಗೂ ನನ್ನ ಕೈ ನಡುಗುತ್ತಿತ್ತು. ಯಾಕೆಂದು ಅಮ್ಮನಿಗೆ ಆಮೇಲೆ ಹೇಳಿದೆ. ಆವರೆಗೆ ಫೋನಿನಲ್ಲಿ ಮುಚ್ಚಿಟ್ಟಿದ್ದ ವಿಷಯ ಅದು.

ನಮ್ಮ ಮನೆಯ ಹಿಂದೆ ಸಣ್ಣ ಹುಲ್ಲುಹಾಸು, ಅದು ಮುಗಿದಲ್ಲಿಂದ ಓಕ್ ಮತ್ತು ಮೇಪಲ್ ಮರಗಳ ಕಾಡು. ಮಲೆನಾಡಿನವನಾದ ನಾನು ಈ ಮನೆಯನ್ನು ಕೊಂಡದ್ದೇ ಆ ಕಾಡಿಗಾಗಿ. ಅಕ್ಟೋಬರ್ ಬಂತೆಂದರೆ ಅಂಗಳದ ತುಂಬ ಮೊಣಕಾಲುದ್ದ ಎಲೆ. ಊರಿನಲ್ಲಿ ಚಳಿಗಾಲ ಮುಗಿಯುತ್ತಿದ್ದಂತೆ ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ಹೊರೆಗಟ್ಟಲೆ ಹೊತ್ತು ತರುತ್ತಿದ್ದವನಿಗೆ ಇಲ್ಲಿ ಎಲೆ ಗುಡಿಸುವುದು ಕೆಲಸವೆಂದೇ ಅನಿಸುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಹಾಗೆಯೇ ಇಡೀ ಎರಡು ದಿನ ಅರ್ಧ ಚಡ್ಡಿಯಲ್ಲಿ ಎಲೆ ಗುಡಿಸಿದೆ, ಒಟ್ಟಿದ ರಾಶಿಯ ಮೇಲೆ ಮಗಳನ್ನು ಕುಣಿಸಿದೆ. ನವೆಂಬರಿನಲ್ಲಿ ನಾಲ್ಕು ದಿನ ಸಣ್ಣ ಜ್ವರ, ಮೈಕೈ ನೋವು. ತೊಡೆಯ ಹಿಂದೆ ಅಂಗೈಯಗಲದ ಕೆಂಪು ಕಲೆಯನ್ನು ಹೆಂಡತಿ ನೋಡಿ ಹೇಳಿದಳು. ನೋವಿಲ್ಲ, ತುರಿಕೆಯಿಲ್ಲ. ತೋರಿಸಿದ ಕಡೆ ಅಲರ್ಜಿಯೆಂದು ಮುಲಾಮು ಕೊಟ್ಟರು. ಕಲೆ ತಾನಾಗಿಯೇ ಮಾಯವಾಯಿತು, ನಾನೂ ಮರೆತೆ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಎಡಮಂಡಿ ಸುಲಿದ ತೆಂಗಿನಕಾಯಿಯಂತೆ ಊದಿಕೊಂಡಿತ್ತು. ಬಿದ್ದದ್ದಿಲ್ಲ, ಉಳುಕಿದ್ದಿಲ್ಲ. ಎರಡನೆಯ ವೈದ್ಯರು ಮೊದಲು ಕೇಳಿದ ಪ್ರಶ್ನೆ, “ಮನೆಯ ಹತ್ತಿರ ಕಾಡಿದೆಯೇ?” ರಕ್ತ ಪರೀಕ್ಷೆಯಲ್ಲಿ ಉಣುಗು ಕಚ್ಚಿ ಬರುವ ಲೈಮ್ ರೋಗವೆಂದು ಖಚಿತವಾಯಿತು. ಇಪ್ಪತ್ತೆಂಟು ದಿನ, ದಿನಕ್ಕೆರಡು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ. ಬಿಸಿಲಿಗೆ ಮೈಯೊಡ್ಡಬಾರದು. ಮಾತ್ರೆಯ ಆಚೀಚೆ ಹಾಲು, ಮೊಸರು ಕೂಡದು, ಅವುಗಳಲ್ಲಿರುವ ಸುಣ್ಣದಂಶ ಔಷಧ ಮೈಗೆ ಹತ್ತದಂತೆ ತಡೆಯುತ್ತದೆ. ಎರಡು ಹೊತ್ತೂ ಮಜ್ಜಿಗೆಯನ್ನದಲ್ಲಿ ಊಟ ಮುಗಿಸುವ ನನಗೆ ಆ ತಿಂಗಳು ಉಪವಾಸದಂತಿತ್ತು. ಮಂಡಿ ಸರಿಯಾಗಲು ಆಗಸ್ಟ್ ಬಂತು. ಆ ಕೆಂಪು ಕಲೆಯ ದಿನವೇ ಯಾರಾದರೂ ಗುರುತಿಸಿದ್ದರೆ ಎರಡು ವಾರದ ಮಾತ್ರೆಯಲ್ಲಿ ಮುಗಿಯುತ್ತಿತ್ತು ಎಂಬ ಸಂಕಟ ಈಗಲೂ ಇದೆ. ಕಲೆಯೆಂದರೆ ಬಿಲ್ಲುಗುರಿಯಂತೆ ಸುತ್ತು ಸುತ್ತಾಗಿಯೇ ಇರಬೇಕೆಂದು ನಾನು ತಿಳಿದಿದ್ದೆ. ಹಾಗೇನೂ ಇಲ್ಲ. ಬರೀ ಕೆಂಪಗೆ ದಿನೇ ದಿನೇ ಅಗಲವಾಗುತ್ತ ಹೋದರೂ ಅದು ಅದೇ. ನಮ್ಮಂಥ ಕಂದು ಮೈಬಣ್ಣದಲ್ಲಿ ಕಾಣುವುದು ಇನ್ನೂ ಕಷ್ಟ, ಕೆಲವರಿಗೆ ಕಲೆಯೇ ಏಳುವುದಿಲ್ಲ. ಮೊದಲ ಒಂದೆರಡು ವಾರಗಳಲ್ಲಿ ರಕ್ತ ಪರೀಕ್ಷೆ ‘ಇಲ್ಲ’ ಎಂದರೂ ನೆಮ್ಮದಿಯಿಂದ ಕೂರುವಂತಿಲ್ಲ, ಆ ಪರೀಕ್ಷೆ ಹುಡುಕುವುದು ರೋಗದ ವಿರುದ್ಧ ದೇಹ ಮಾಡಿಕೊಳ್ಳುವ ಪ್ರತಿಕಾಯಗಳನ್ನು, ಅವುಗಳನ್ನು ಮಾಡಿಕೊಳ್ಳಲು ಅಷ್ಟು ಸಮಯ ಬೇಕು.

ಲೈಮ್ ಎನ್ನುವುದು ನಿಂಬೆಹಣ್ಣಲ್ಲ, ಊರಿನ ಹೆಸರು. ಕನೆಕ್ಟಿಕಟ್ ನದಿ ಸಮುದ್ರ ಸೇರುವಲ್ಲಿಗೆ ಹತ್ತಿರದ ಊರು, ನಮ್ಮ ಮನೆಯಿಂದ ಕಾರಿನಲ್ಲಿ ಹೆಚ್ಚು ದೂರವಿಲ್ಲ. ಅಲ್ಲಿ ಪಾಲಿ ಮರ್ರೆ ಎಂಬ ತಾಯಿ ತನ್ನ ಮಕ್ಕಳ ಮಂಡಿ ಊದುವುದನ್ನು, ಜ್ವರವನ್ನು, ಕಲೆಗಳನ್ನು ವರ್ಷಗಳ ಕಾಲ ಬರೆದಿಟ್ಟುಕೊಂಡು, ನೆರೆಹೊರೆಯಲ್ಲೂ ಇದೇ ಕಾಟವಿರುವುದನ್ನು ಪಟ್ಟಿ ಮಾಡಿ 1975ರಲ್ಲಿ ಆರೋಗ್ಯ ಇಲಾಖೆಯ ಮುಂದಿಟ್ಟಳು. ಆಕೆಯನ್ನು ಮೊದಮೊದಲು ಯಾರೂ ನಂಬಲಿಲ್ಲ. ಆಮೇಲೆ ಯೇಲ್ ವಿಶ್ವವಿದ್ಯಾಲಯದ ಅಲೆನ್ ಸ್ಟೀರ್ ಅದನ್ನು ಕೈಗೆತ್ತಿಕೊಂಡರು. ಉಣುಗಿನ ಹೊಟ್ಟೆಯಲ್ಲಿರುವ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು 1980ರ ದಶಕದ ಆರಂಭದಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಕಂಡುಹಿಡಿದರು. ನನ್ನ ಮಟ್ಟಿಗೆ ಈ ಕಥೆಯಲ್ಲಿ ದೊಡ್ಡವಳು ಪಟ್ಟಿ ಬರೆದ ಆ ತಾಯಿಯೇ.

ಇಲ್ಲಿನವರು ಇದನ್ನು ಜಿಂಕೆಯ ಉಣುಗು ಎನ್ನುತ್ತಾರೆ. ಬೆಳಗಿನ ಜಾವ ನಮ್ಮ ಹಿತ್ತಲಿಗೆ ಬಿಳಿಬಾಲದ ಜಿಂಕೆಗಳು ಐದಾರು ಬಂದು, ಹೆಂಡತಿ ನೆಟ್ಟ ಟುಲಿಪ್ ಮೊಗ್ಗುಗಳನ್ನು ಒಂದೂ ಬಿಡದೆ ಮೇಯುತ್ತವೆ. ಆದರೂ ಕಿಟಕಿಯ ಗಾಜಿಗೆ ಮೂಗು ಒತ್ತಿ ನಿಲ್ಲುವ ಮಗಳನ್ನು ನೋಡಿದರೆ ಅವುಗಳನ್ನು ಓಡಿಸಲು ನನಗೆ ಮನಸ್ಸಾಗುವುದಿಲ್ಲ. ನಿಜಕ್ಕೂ ರೋಗವನ್ನು ಮೈಯಲ್ಲಿಟ್ಟುಕೊಂಡು ಉಣುಗಿಗೆ ದಾಟಿಸುವುದು ಜಿಂಕೆಯಲ್ಲ, ಬಿಳಿಗಾಲಿನ ಸಣ್ಣ ಇಲಿ. ಉಣುಗಿನ ಮರಿ ಹುಟ್ಟುವಾಗ ಅದರಲ್ಲಿ ಈ ಬ್ಯಾಕ್ಟೀರಿಯಾ ಇರುವುದಿಲ್ಲ. ಮೊದಲ ಊಟಕ್ಕೆ ಇಲಿಯನ್ನು ಕಚ್ಚಿದಾಗ ಅಂಟಿಸಿಕೊಳ್ಳುತ್ತದೆ. ಮರುವರ್ಷ ಗಸಗಸೆಯಷ್ಟಾಗಿ ಮೇ ತಿಂಗಳಿಂದ ಜುಲೈವರೆಗೆ ಹುಲ್ಲಿನಲ್ಲಿ, ದರಗಿನಲ್ಲಿ ಕಾಯುತ್ತದೆ. ಜನರಿಗೆ ರೋಗ ತಗಲುವುದು ಹೆಚ್ಚಾಗಿ ಈ ಹಂತದ ಉಣುಗಿನಿಂದ, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಚಳಿಗಾಲಕ್ಕೆ ಮುಂಚೆ ಎಳ್ಳಿನಷ್ಟು ದೊಡ್ಡದಾಗಿ ಮತ್ತೆ ಹೊರಡುತ್ತದೆ. ಜಿಂಕೆ ಬೇಕಾಗುವುದು ಆಗ. ದೊಡ್ಡ ಉಣುಗುಗಳಿಗೆ ಅದೇ ಊಟ, ಅದೇ ಮದುವೆ ಮನೆ. ಉಂಡು ಉದುರಿದ ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹಿಮ ಬಿದ್ದ ಮೇಲೆ ಭಯವಿಲ್ಲವೆಂದು ನಾನು ನಂಬಿದ್ದೆ. ಜನವರಿಯಲ್ಲಿ ಒಂದು ದಿನ ತುಸು ಬೆಚ್ಚಗಾದರೂ ಅವು ಎದ್ದು ಬರುತ್ತವೆ.

ನನ್ನ ಮಂಡಿಯ ಪ್ರಕರಣದ ನಂತರ ನಮ್ಮ ಮನೆಯ ರೂಢಿಗಳು ಬದಲಾದವು. ಹಿತ್ತಲಿನ ಕೆಲಸದ ಪ್ಯಾಂಟು, ಕಾಲುಚೀಲ, ಬೂಟುಗಳಿಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿಡುತ್ತೇವೆ. ಅದು ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಒದ್ದೆ ಇರುವಾಗ ಅದನ್ನು ಹತ್ತಿರ ಬಿಡಬಾರದು. ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ಹುಲ್ಲುಹಾಸಿಗೂ ಕಾಡಿಗೂ ನಡುವೆ ಮೂರಡಿ ಅಗಲಕ್ಕೆ ಮರದ ಚಕ್ಕೆ ಹಾಸಿದ್ದೇನೆ, ಒಣ ಜಾಗ ದಾಟುವುದು ಉಣುಗಿಗೆ ಇಷ್ಟವಿಲ್ಲ. ಮಗಳ ಉಯ್ಯಾಲೆಯನ್ನು ಮರಗಳ ಅಂಚಿನಿಂದ ಬಿಸಿಲಿಗೆ ತಂದೆವು. ಒಳಗೆ ಬಂದ ತಕ್ಷಣ ಬಟ್ಟೆಯನ್ನು ಒಗೆಯುವ ಮೊದಲೇ ಡ್ರೈಯರ್‌ಗೆ ಹಾಕಿ ಹತ್ತು ನಿಮಿಷ ಜೋರು ಬಿಸಿಯಲ್ಲಿ ತಿರುಗಿಸುತ್ತೇವೆ. ಇದನ್ನು ತಿಳಿಯಲು ನನಗೆ ತಡವಾಯಿತು: ತಣ್ಣನೆಯ ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಉಣುಗು ಸಾಯುವುದಿಲ್ಲ, ಒಣ ಶಾಖದಲ್ಲಿ ಸಾಯುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದದ್ದು ಸಂಜೆ ಮೈ ನೋಡಿಕೊಳ್ಳುವುದು. ಕಿವಿಯ ಹಿಂದೆ, ಕೂದಲಿನ ಬುಡ, ಕಂಕುಳು, ಹೊಕ್ಕಳು, ತೊಡೆಸಂದಿ, ಮಂಡಿಯ ಹಿಂದೆ. ಕಣ್ಣನ್ನು ನಂಬದೆ ಬೆರಳಾಡಿಸಬೇಕು. ಲೈಮ್ ಬ್ಯಾಕ್ಟೀರಿಯಾ ಉಣುಗಿನ ಹೊಟ್ಟೆಯಿಂದ ನಮ್ಮ ರಕ್ತಕ್ಕೆ ಬರಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚೇ ಬೇಕು. ಈ ಸಂಜೆಯ ಉಣುಗನ್ನು ಈ ಸಂಜೆಯೇ ಕಿತ್ತರೆ ಬಹುಪಾಲು ಗೆದ್ದಂತೆ.

ಮಗಳ ಕಿವಿಯ ಹಿಂದಿನದು ಇನ್ನೂ ಚಪ್ಪಟೆಯಾಗಿತ್ತು, ರಕ್ತ ಕುಡಿದು ಉಬ್ಬಿರಲಿಲ್ಲ. ಹಿಂದಿನ ಸಂಜೆ ಅದೇ ಜಾಗವನ್ನು ನಾನೇ ನೋಡಿದ್ದೆ. ಮಕ್ಕಳ ವೈದ್ಯರಿಗೆ ಎರಡನ್ನೂ ಹೇಳಿದಾಗ, ಔಷಧ ಬೇಡ, ಮೂವತ್ತು ದಿನ ಕಲೆ ಮತ್ತು ಜ್ವರದ ಮೇಲೆ ಕಣ್ಣಿಡಿ ಎಂದರು. ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ, ಕಿತ್ತು ಮೂರು ದಿನದೊಳಗೆ ಒಂದೇ ಸಲ ಕೊಡುವ ಡಾಕ್ಸಿಸೈಕ್ಲಿನ್ ಇದೆ. ಅದಕ್ಕಾಗಿಯೇ ಉಣುಗನ್ನು ಎಸೆಯಬಾರದು, ತಾರೀಕು ಬರೆದಿಡಬೇಕು. ಅಮ್ಮ ಆ ಮೂವತ್ತು ದಿನವೂ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ಮೊಮ್ಮಗಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿಕೊಂಡು ಕಿವಿಯ ಹಿಂದೆ ನೋಡುತ್ತಿದ್ದಳು. ಏನೂ ಆಗಲಿಲ್ಲ.

ಆದರೆ ಒಂದು ದಿನದ ಬಿಡುವು ಸಿಗುತ್ತದೆ ಎಂದು ನಾನು ಹೇಳಿದ್ದು ಅಮ್ಮನ ಮನಸ್ಸಿನಲ್ಲಿ ಉಳಿದಿತ್ತು. ಒಂದು ರಾತ್ರಿ ಪಾತ್ರೆ ಒರೆಸುತ್ತ ಕೇಳಿದಳು: “ನಮ್ಮ ಊರಿನ ಉಣುಗೂ ಹಾಗೆ ಒಂದು ದಿನ ಕಾಯುತ್ತದೆಯಾ?”

ನನಗೆ ಉತ್ತರ ಗೊತ್ತಿತ್ತು, ಕೂಡಲೇ ಹೇಳಲಾಗಲಿಲ್ಲ. ನಮ್ಮದು ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಕಾಯಿಲೆ. 2019ರ ಆರಂಭದಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರನ್ನು ಕೊಂಡೊಯ್ದಿತು. ಆ ಬೇಸಿಗೆಯಲ್ಲಿ ಅಮ್ಮ ಬೆಟ್ಟಕ್ಕೆ ಹೋಗುವುದನ್ನೇ ಬಿಟ್ಟಿದ್ದಳು. ಅದು ಬ್ಯಾಕ್ಟೀರಿಯಾ ಅಲ್ಲ, ವೈರಸ್. ಅದಕ್ಕೆ ಡಾಕ್ಸಿಸೈಕ್ಲಿನ್ ನಾಟುವುದಿಲ್ಲ, ಬೇರೆ ನೇರ ಔಷಧವೂ ಇಲ್ಲ. ಅದರ ದೂರದ ನಂಟಿನ ಪೊವಾಸನ್ ಎಂಬ ವೈರಸ್ ಇಲ್ಲಿನ ಉಣುಗಿನಲ್ಲೂ ಅಪರೂಪಕ್ಕೆ ಇರುತ್ತದೆ. ಕ್ಯಾಸನೂರಿನ ಮರುವರ್ಷ, 1958ರಲ್ಲಿ, ಕೆನಡಾದ ಪೊವಾಸನ್ ಎಂಬ ಊರಿನ ಮಗುವೊಂದು ತೀರಿಕೊಂಡಾಗ ಪತ್ತೆಯಾದದ್ದು. ಆ ಜಾತಿಯ ವೈರಸ್ ದಿನವೆಲ್ಲ ಕಾಯುವುದಿಲ್ಲ, ಕಾಲು ಗಂಟೆಯಲ್ಲಿ ದಾಟಬಲ್ಲದು.

ಲೈಮ್‌ಗೆ 1998ರಲ್ಲಿ ಬಂದ ಲಸಿಕೆಯನ್ನು 2002ರಲ್ಲಿ ತಯಾರಕರೇ ಹಿಂದಕ್ಕೆ ಪಡೆದರು. ಮಂಗನ ಕಾಯಿಲೆಗೆ ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯನ್ನು, ಅದರ ಬಲ ಸಾಲದೆಂದು, ಈಚಿನ ವರ್ಷಗಳಲ್ಲಿ ನಿಲ್ಲಿಸಲಾಗಿದೆ. ಆದರೆ ಎರಡೂ ಕಡೆಯವರ ಕಷ್ಟ ಒಂದೇ ಎಂದು ನಾನು ಹೇಳಲಾರೆ. ನನಗೆ ಡ್ರೈಯರ್ ಇದೆ, ಉಣುಗನ್ನು ಪರೀಕ್ಷಿಸಿ ಹೇಳುವ ರಾಜ್ಯದ ಪ್ರಯೋಗ ಕೇಂದ್ರ ನ್ಯೂ ಹೇವನ್‌ನಲ್ಲಿದೆ, ಎಲೆ ಗುಡಿಸುವುದು ನನಗೆ ವಾರಾಂತ್ಯದ ಹವ್ಯಾಸ. ಮಲೆನಾಡಿನಲ್ಲಿ ದರಗು ತರದಿದ್ದರೆ ಕೊಟ್ಟಿಗೆಗೆ ಹಾಸಿಲ್ಲ, ತೋಟಕ್ಕೆ ಗೊಬ್ಬರವಿಲ್ಲ. ಕಾಡಿಗೆ ಹೋಗಬೇಡಿ ಎಂದು ಹೇಳುವುದು ಸುಲಭ, ಅವರ ದಿನ ನಡೆಯುವುದು ಕಾಡಿನಿಂದ. ಹೊಸ ಲಸಿಕೆ ಬೇಗ ಬರಲಿ ಎಂದು ನಾನು ನಿಜವಾಗಿ ಹಂಬಲಿಸುತ್ತೇನೆ.

“ಕಾಯುವುದಿಲ್ಲ ಅಮ್ಮ” ಎಂದೆ. “ಬೆಟ್ಟಕ್ಕೆ ಹೋಗುವ ಮುಂಚೆಯೇ ಉಣುಗು ಹತ್ತದಂತೆ ಆರೋಗ್ಯ ಕೇಂದ್ರದವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು. ಬಂದ ಕೂಡಲೇ ಬಿಸಿನೀರು, ಸೋಪಿನ ಸ್ನಾನ. ಮಂಗ ಸತ್ತದ್ದು ಕಂಡರೆ ಆ ಕಡೆ ಕಾಲಿಡದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.” ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಆ ಸುತ್ತಿನಲ್ಲೇ ಹರಡಿಕೊಂಡಿರುತ್ತವೆ.

ಅಕ್ಟೋಬರ್‌ನಲ್ಲಿ ಅಮ್ಮ ಹೊರಟಾಗ ಅವಳ ಚೀಲದಲ್ಲಿ ನಾಲ್ಕು ಚೂಪು ಚಿಮಟಗಳನ್ನು ಇಟ್ಟೆ. ಒಂದು ಅವಳಿಗೆ, ಮೂರು ಕೇರಿಯವರಿಗೆ. ಅಪ್ಪ ಹೋದ ಮೇಲೆ ಅವಳೊಬ್ಬಳೇ ಇದ್ದಾಳೆ.

ಜನವರಿಯಲ್ಲಿ ಫೋನ್ ಮಾಡಿದಾಗ ದರಗು ತರಲು ಶುರುಮಾಡಿದ್ದೇವೆ ಎಂದಳು. ಎಣ್ಣೆ ಹಚ್ಚಿದೆಯಾ ಎಂದೆ, ಹಚ್ಚಿದೆ ಎಂದಳು. ಸ್ನಾನ? ಆಯಿತು. ಮಂಡಿಯ ಹಿಂದೆ, ಕಂಕುಳು ನೋಡಿಕೊಂಡೆಯಾ? ನೋಡಿಕೊಂಡೆ. ಬೆನ್ನು?

ತುಸು ಹೊತ್ತು ಮಾತಿರಲಿಲ್ಲ. ಆಮೇಲೆ, “ಪಕ್ಕದ ಮನೆಯ ಅಕ್ಕ ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಅವಳ ಬೆನ್ನು ನಾನು ನೋಡುತ್ತೇನೆ, ನನ್ನದು ಅವಳು. ಬ್ಯಾಟರಿ ಬಿಟ್ಟುಕೊಂಡು” ಎಂದಳು. “ಈಗ ಬಂದಳು, ಇಡುತ್ತೇನೆ.”