ಮೊದಲ ಬೋಲ್ಟ್ ಆ್ಯಕ್ಷನ್ ರೈಫಲ್: ಕೊಳ್ಳುವ ಮುಂಚಿನ ತಪಾಸಣೆ

ಆಗಸ್ಟ್, ಮೊದಲ ವಾರ

ಪೆನ್ಸಿಲ್ವೇನಿಯಾದ ಬೇಟೆ ಶಿಕ್ಷಣದ ಕೋರ್ಸು ಮುಗಿಯಿತು, ಲೈಸೆನ್ಸೂ ಬಂತು. ಇನ್ನು ಕೋವಿ ಆಗಬೇಕು. ರೈಫಲ್‌ಗೆ 500 ಡಾಲರ್, ಸ್ಕೋಪಿಗೆ 250, ತೋಟಾದ ಖರ್ಚು ಬೇರೆ ಅಂತ ಲೆಕ್ಕ ಹಾಕಿದ್ದೇನೆ. ಈ ರಾಜ್ಯದಲ್ಲಿ ಜಿಂಕೆ ಬೇಟೆಗೆ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ರೈಫಲ್ ತರುವ ಹಾಗಿಲ್ಲ, ಟ್ರಿಗರ್ ಬಳಿಯ ಸನ್ನೆ ಆಡಿಸಿ ತುಂಬುವ ಲಿವರ್ ಆ್ಯಕ್ಷನ್ ಕೊಳ್ಳೋಣವೆಂದರೆ ನನ್ನ ದುಡ್ಡಿಗೆ ಎಟುಕುವುದಿಲ್ಲ. ಹಾಗಾಗಿ ಬೋಲ್ಟ್ ಆ್ಯಕ್ಷನ್, ಅಂದರೆ ಪ್ರತಿ ಗುಂಡಿಗೂ ಬೋಲ್ಟ್ ಎಂಬ ಅಗುಳಿಯನ್ನು ಕೈಯಲ್ಲೇ ಎತ್ತಿ ಹಿಂದೆ ಮುಂದೆ ಆಡಿಸುವ ರೈಫಲ್.

ತೀರ್ಥಹಳ್ಳಿ ಕಡೆಯವನಾದ್ದರಿಂದ ಕೋವಿ ನನಗೆ ಹೊಸತಲ್ಲ. ಅಪ್ಪನ ಹತ್ತಿರ ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಗೆ ಇತ್ತು. ಮಂಗ ಓಡಿಸುವುದಕ್ಕಿಂತ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತು ಕೊಟ್ಟು ಬಂದದ್ದೇ ಹೆಚ್ಚು. ಆದರೆ ಅದು ಚರೆ ಹಾರಿಸುವ ಕೋವಿ. ಒಂದೇ ಗುಂಡನ್ನು ಒಂದೇ ಕಡೆ ಕೂರಿಸುವ ರೈಫಲ್‌ನ ವಿದ್ಯೆ ಬೇರೆ.

ಇಲ್ಲಿರುವ ನಮ್ಮವರಿಗೆ ಒಂದು ಮಾತು. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು ಕೊಳ್ಳುವುದಾಗಲಿ ಇಟ್ಟುಕೊಳ್ಳುವುದಾಗಲಿ ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ದಾಖಲೆ ಸರಿಯಾಗಿರಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಲೆನೋವಿಲ್ಲ. ಅಂಗಡಿಯಲ್ಲಿ 4473 ಎಂಬ ಫಾರಂ ತುಂಬಬೇಕು, ರಾಜ್ಯ ಪೊಲೀಸರ ಹಿನ್ನೆಲೆ ತಪಾಸಣೆ ಎಲ್ಲರಿಗೂ ಇದ್ದೇ ಇದೆ.

ಆಗಸ್ಟ್, ಮೂರನೇ ವಾರ

ಕ್ಯಾಲಿಬರ್ ತೀರ್ಮಾನವಾಯಿತು: .308 ವಿಂಚೆಸ್ಟರ್. 1952ರಿಂದ ಇರುವ ತೋಟಾ, ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. 2007ರಲ್ಲಿ ಬಂದ 6.5 ಕ್ರೀಡ್‌ಮೂರ್‌ನ ಒದೆತ ಕಡಿಮೆ, ದೂರದ ಗುರಿಗೂ ಒಳ್ಳೆಯದು. ಆದರೆ ನಾನು ಕೂರುವ ಕಾಡಿನಲ್ಲಿ 80 ಗಜದಾಚೆ ಮರದ ಕಾಂಡ ಬಿಟ್ಟು ಬೇರೇನೂ ಕಾಣುವುದಿಲ್ಲ. ದೂರದ ಗುರಿ ಕಟ್ಟಿಕೊಂಡು ನಾನೇನು ಮಾಡಲಿ?

ಪಟ್ಟಿಯಲ್ಲಿ ಉಳಿದಿರುವುದು ಎರಡು ಮಾಡೆಲ್: ಸ್ಯಾವೇಜ್ ಆ್ಯಕ್ಸಿಸ್ 2 ಮತ್ತು ರೂಗರ್ ಅಮೆರಿಕನ್. ಸ್ಯಾವೇಜ್‌ನಲ್ಲಿ ಅಕ್ಯುಟ್ರಿಗರ್ ಇದೆ, ಎಷ್ಟು ಬಲಕ್ಕೆ ಬಿಡಬೇಕು ಎಂಬುದನ್ನು ನಾವೇ ಹೊಂದಿಸಿಕೊಳ್ಳಬಹುದು. ರೂಗರ್‌ನ ಟ್ರಿಗರ್ ಅನ್ನೂ 3ರಿಂದ 5 ಪೌಂಡ್‌ವರೆಗೆ ಹೊಂದಿಸಬಹುದು. ರೂಗರ್‌ನ ಬೋಲ್ಟಿಗೆ ಮೂರು ಲಗ್ (ಬೋಲ್ಟನ್ನು ಬೀಗ ಹಾಕುವ ಹಲ್ಲು), ಬೋಲ್ಟಿನ ಹಿಡಿ ಎತ್ತುವ ಕೋನ 70 ಡಿಗ್ರಿ. ಸ್ಯಾವೇಜ್‌ನದು ಎರಡು ಲಗ್, 90 ಡಿಗ್ರಿ. ಕಾಗದದ ಮೇಲೆ ಸಣ್ಣ ವ್ಯತ್ಯಾಸ, ಆದರೆ ಮೇಲೆ ಸ್ಕೋಪ್ ಕೂತಾಗ ಕೈಗವಸು ತೊಟ್ಟ ಬೆರಳಿಗೆ ಬೋಲ್ಟಿನ ಹಿಡಿ ಮತ್ತು ಸ್ಕೋಪಿನ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂಬುದು ಇದರ ಮೇಲೇ ನಿಂತಿದೆ. ನಾವು ಬೇಟೆಗೆ ಹೋಗುವುದು ನವೆಂಬರ್ ಕೊನೆಯಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ, ಆ ಚಳಿಯಲ್ಲಿ ಬರಿಗೈ ಎಂಬ ಮಾತೇ ಇಲ್ಲ.

ಸೆಪ್ಟೆಂಬರ್ ಆರಂಭ

ಅಂಗಡಿಗಳನ್ನು ಸುತ್ತಿದೆ. ಯಾವ ಮಾಡೆಲ್ ಎಂದು ತಲೆ ಕೆಡಿಸಿಕೊಳ್ಳುವ ಅರ್ಧದಷ್ಟಾದರೂ ಗಮನವನ್ನು ಯಾವ ಪೀಸ್ ಎಂಬುದಕ್ಕೆ ಕೊಡಬೇಕು. ಅಗ್ಗದ ರೈಫಲ್‌ನಲ್ಲಿ ದುಡ್ಡು ಉಳಿಸುವುದೇ ಫಿನಿಶಿಂಗ್‌ನಲ್ಲಿ. ಒಂದೇ ಪೆಟ್ಟಿಗೆಯಿಂದ ಬಂದ ಎರಡು ಕೋವಿ ಕೈಯಲ್ಲಿ ಬೇರೆ ಬೇರೆಯಾಗಿಯೇ ಆಡುತ್ತವೆ. ಹಾಗಾಗಿ ಗೋಡೆಯ ಮೇಲಿನದನ್ನು ನೋಡಿದ ಮೇಲೆ "ಒಳಗೆ ಇನ್ನೊಂದಿದ್ದರೆ ತೋರಿಸಿ" ಎಂದು ಕೇಳುತ್ತೇನೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಕೈಗೆ ತೆಗೆದುಕೊಂಡ ಕೂಡಲೇ ಬೋಲ್ಟ್ ತೆರೆದು ಚೇಂಬರ್ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ) ಖಾಲಿಯೇ ಎಂದು ಕಣ್ಣಲ್ಲಿ ನೋಡಿ, ಕಿರುಬೆರಳಲ್ಲಿ ಮುಟ್ಟಿ ಖಚಿತಪಡಿಸಿಕೊಳ್ಳುವುದು. ಅಂಗಡಿಯವನು ಈಗಷ್ಟೇ ನೋಡಿ ಕೊಟ್ಟಿದ್ದರೂ ಸರಿಯೇ. ಆಮೇಲೆ ನಳಿಗೆಯ ಕೆಳಗೆ ಒಂದು ಡಾಲರ್ ನೋಟು ತೂರಿಸಿ ರಿಸೀವರ್ (ನಳಿಗೆಯ ಹಿಂದೆ ಬೋಲ್ಟ್ ಕೂರುವ ಭಾಗ) ತನಕ ಎಳೆಯುತ್ತೇನೆ. ನಳಿಗೆ ಎಲ್ಲೂ ಹಿಡಿಗೆ, ಅಂದರೆ ನಳಿಗೆಯ ಕೆಳಗಿಂದ ಭುಜದವರೆಗಿನ ಸ್ಟಾಕಿಗೆ, ತಾಗಬಾರದು. ಬರೀ ಇಷ್ಟೇ ನೋಡಿದರೆ ಸಾಲದು. ಈ ಬೆಲೆಯ ಹಿಡಿಗಳೆಲ್ಲ ಪ್ಲಾಸ್ಟಿಕ್. ಮುಂಭಾಗವನ್ನು ಮರಳ ಚೀಲದ ಮೇಲೆ ಊರಿದಂತೆ ಒತ್ತಿ ಮತ್ತೆ ನೋಟು ಎಳೆಯಬೇಕು. ಒಂದು ಪೀಸಿನಲ್ಲಿ ಹೀಗೆ ಒತ್ತಿದ ತಕ್ಷಣ ನೋಟು ಸಿಕ್ಕಿಹಾಕಿಕೊಂಡಿತು. ಊರುವ ಜಾಗ ಬದಲಾದಂತೆಲ್ಲ ಅದರ ಗುಂಡು ಬೀಳುವ ಜಾಗವೂ ಬದಲಾಗಬಹುದು. ವಾಪಸ್ ಕೊಟ್ಟೆ.

ಸಿಡಿಯದ ಡಮ್ಮಿ ತೋಟಾ ನನ್ನ ಹತ್ತಿರವೇ ಇತ್ತು. ಅಂಗಡಿಯವರನ್ನು ಕೇಳಿ ಮ್ಯಾಗಜಿನ್ ತುಂಬಿ ನಿಧಾನವಾಗಿ ಒಮ್ಮೆ, ಗಡಿಬಿಡಿಯಲ್ಲಿ ಒಮ್ಮೆ ಬೋಲ್ಟ್ ಆಡಿಸಿದೆ. ತೋಟಾ ಮೂಗು ತಗ್ಗಿಸಿ ಸಿಕ್ಕಿಕೊಳ್ಳುತ್ತದೆಯೇ, ಹೊರಗೆ ಎಸೆಯುವಾಗ ಬಲ ಸಾಕೇ, ಮ್ಯಾಗಜಿನ್ ಕೊಂಡಿ ಅಲುಗಿದರೆ ಬಿಚ್ಚಿಕೊಳ್ಳುತ್ತದೆಯೇ. ಬೋಲ್ಟ್ ಹಿಂದಕ್ಕೆ ಎಳೆದಾಗ ಕೊಂಚ ಅಲ್ಲಾಡುವುದು ಸಹಜ. ಮುಚ್ಚಿ ಬೀಗ ಬಿದ್ದಾಗ ಗಟ್ಟಿಯಾಗಿ ನಿಲ್ಲಬೇಕು.

ಸೇಫ್ಟಿಯ ವಿಚಾರ ನಾನು ಎಣಿಸಿದ್ದಕ್ಕಿಂತ ಜಟಿಲ. ರೂಗರ್ ಅಮೆರಿಕನ್‌ನ ಮೊದಲ ತಲೆಮಾರಿನಲ್ಲಿ ಸೇಫ್ಟಿ ಹಾಕಿದ್ದರೂ ಬೋಲ್ಟ್ ತೆರೆಯಬಹುದು. ಸೇಫ್ಟಿ ತೆಗೆಯದೆಯೇ ತೋಟಾ ಖಾಲಿ ಮಾಡಬಹುದು ಎನ್ನುವುದು ಅನುಕೂಲ. ಪೊದೆ ನುಗ್ಗುವಾಗ ಬೋಲ್ಟಿನ ಹಿಡಿ ಸಿಕ್ಕಿ ಅದು ತೆರೆದುಕೊಳ್ಳಬಹುದು ಎನ್ನುವುದು ಅನನುಕೂಲ. ಎರಡನೇ ತಲೆಮಾರಿನಲ್ಲಿ ಮೂರು ಹಂತದ ಸೇಫ್ಟಿ ಕೊಟ್ಟು ಎರಡನ್ನೂ ಒಟ್ಟಿಗೆ ತಂದಿದ್ದಾರೆ, ಆದರೆ ಬೆಲೆ ನನ್ನ ಗೆರೆ ದಾಟುತ್ತದೆ. ನಾನು ಪೊದೆ ನುಗ್ಗುವವನಲ್ಲ, ಕೂತು ಕಾಯುವವನು. ಹಳೆಯದೇ ಸಾಕು.

ಸೆಕೆಂಡ್ ಹ್ಯಾಂಡ್ ಕೂಡ ನೋಡಿದೆ. ರೆಮಿಂಗ್ಟನ್ 700 ಒಂದು ಆಸೆ ಹುಟ್ಟಿಸಿತು. 2006ರ ಮೇಯಿಂದ 2014ರ ಏಪ್ರಿಲ್‌ವರೆಗೆ ತಯಾರಾದ, ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇರುವ ಕೋವಿಗಳನ್ನು ಕಂಪನಿ 2014ರಲ್ಲಿ ವಾಪಸ್ ಕರೆದಿತ್ತು. ಟ್ರಿಗರ್ ಬದಲಾಗಿದೆಯೇ ಎಂದು ಕೇಳಿದರೆ ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಟ್ರಿಗರ್ ಮನೆಗೆ ತರಲಾರೆ.

ಸೆಪ್ಟೆಂಬರ್ ಕೊನೆ

ಪಕ್ಕದ ಮನೆಯ ಹಿರಿಯರ ಬಳಿ ಮೊದಲ ತಲೆಮಾರಿನ ರೂಗರ್ .308 ಇದೆ. ಅವರ ಜೊತೆ ರೇಂಜಿಗೆ ಹೋಗಿ ನಾನೂ ಹೊಡೆದೆ. 100 ಗಜಕ್ಕೆ ಮೂರು ಗುಂಡು ಒಂದೂಕಾಲು ಇಂಚಿನೊಳಗೆ ಕೂತವು. ಐದು ಹೊಡೆದಾಗ ಎರಡು ಇಂಚಿಗೆ ಹರಡಿತು: ನಳಿಗೆ ತೆಳು, ಬಿಸಿಯೇರಿತ್ತು, ನನ್ನ ಭುಜವೂ ದಣಿದಿತ್ತು. ಜಾಹೀರಾತುಗಳು ಮೂರು ಗುಂಡಿನ ಲೆಕ್ಕವನ್ನೇ ಯಾಕೆ ಇಷ್ಟಪಡುತ್ತವೆ ಎಂದು ತಿಳಿಯಿತು. ಜಿಂಕೆಯ ಎದೆಗೂಡಿನಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು 8 ಇಂಚು, ನನ್ನ ದೂರ 80 ಗಜ. ಎರಡು ಇಂಚು ಧಾರಾಳವಾಯಿತು.

ಅವರ ಕೋವಿ ಚೆನ್ನಾಗಿ ಹೊಡೆದರೆ ನನ್ನದೂ ಹಾಗೇ ಹೊಡೆಯುತ್ತದೆ ಎಂದೇನಿಲ್ಲ. ಆದರೆ ಒದೆತ ತಡೆಯಬಲ್ಲೆ, ದಪ್ಪ ಕೋಟು ತೊಟ್ಟರೂ ಹಿಡಿಯ ಉದ್ದ ಸರಿಹೋಗುತ್ತದೆ, ಕೆನ್ನೆ ಇಟ್ಟ ಕೂಡಲೇ ಸ್ಕೋಪಿನಲ್ಲಿ ಪೂರ್ತಿ ವೃತ್ತ ಕಾಣುತ್ತದೆ. ಇವನ್ನು ಅಂಗಡಿಯ ಕೌಂಟರ್ ಮುಂದೆ ನಿಂತು ತಿಳಿಯುವುದು ಕಷ್ಟ.

ಸ್ಕೋಪ್ ಸೇರಿಸಿಯೇ ಮಾರುವ ಕಾಂಬೊ ಪ್ಯಾಕ್ ಬೇಡವೆಂದು ಬಿಟ್ಟೆ. ಜಿಂಕೆ ಹೆಚ್ಚಾಗಿ ಹೊರಬರುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಆ ಬೆಳಕಿನಲ್ಲಿ ಮಸುಕಾಗುವ ಗಾಜಿಗೆ ದುಡ್ಡು ಕೊಡುವುದಿಲ್ಲ.

ಅಕ್ಟೋಬರ್, ಮೊದಲ ವಾರ

ಒಂದು ಅಂಗಡಿಯಲ್ಲಿ ಉಳಿದಿದ್ದ ಎರಡು ರೂಗರ್ ಪೀಸ್‌ಗಳಲ್ಲಿ ಒಂದಕ್ಕೆ ಮುಂಗಡ ಕೊಟ್ಟೆ. ಹಿಡಿ ಒತ್ತಿದರೂ ನೋಟು ಸಲೀಸಾಗಿ ಓಡಿತು, ನಳಿಗೆಯ ಬಾಯಂಚಿನಲ್ಲಿ ಗೀರಿಲ್ಲ, ಟ್ರಿಗರ್ ಅಳತೆಗೆ 4 ಪೌಂಡಿನ ಆಸುಪಾಸು. ಸೀರಿಯಲ್ ನಂಬರ್ ಬರೆದುಕೊಂಡು ಬಂದಿದ್ದೇನೆ, ತರಲು ಹೋದಾಗ ಅದೇ ಪೀಸ್ ಕೈಗೆ ಬರಬೇಕಲ್ಲ.

ಶನಿವಾರ 4473 ತುಂಬುವುದು. ಆಮೇಲೆ ಸ್ಕೋಪ್ ಬೇಸಿನ ಸ್ಕ್ರೂಗಳಿಗೆ ಬಿಗಿತ ಅಳೆಯುವ ಸ್ಪ್ಯಾನರ್ ತರಬೇಕು, 150 ಗ್ರೇನ್ ತೂಕದ ಗುಂಡಿನ ತೋಟಾ ಎರಡು ಬೇರೆ ಕಂಪನಿಯದು ಒಂದೊಂದು ಡಬ್ಬಿ ಕೊಂಡು ಯಾವುದನ್ನು ಈ ನಳಿಗೆ ಒಪ್ಪುತ್ತದೆ ನೋಡಬೇಕು.