ಹೊಟ್ಟೆ ಬಂದರೆ ಬರಲಿ ಬಿಡಿ

16 ನವೆಂಬರ್ 2025, ಭಾನುವಾರ
ಬಸವನಗುಡಿ, ಬೆಂಗಳೂರು

ಇವತ್ತು ಜಯನಗರದಲ್ಲಿ ಮದುವೆ. ಸಿಗರೇಟು ಬಿಟ್ಟಿರೋ ನಮ್ಮೆಜಮಾನ್ರನ್ನು ನೋಡಿದವರದೆಲ್ಲ ಒಂದೇ ಮಾತು, "ಏನ್ರೀ, ಇಷ್ಟು ದಪ್ಪ ಆಗ್ಬಿಟ್ಟಿದ್ದೀರಾ!" ಊಟಕ್ಕೆ ಕೂತಾಗ ಪಕ್ಕದವರೊಬ್ಬರು, "ಸಿಗರೇಟು ಸೇದ್ತಿದ್ದಾಗ್ಲೇ ಚೆನ್ನಾಗಿದ್ರಿ" ಅಂತಲೂ ಅಂದರು. ಇವರು ಮಾತಾಡಲಿಲ್ಲ. ಎಲೆಯಲ್ಲಿದ್ದ ಹೋಳಿಗೆಯನ್ನು ಅಂಚಿಗೆ ಸರಿಸಿ ಸುಮ್ನೆ ಕೂತರು. ನನಗೆ ಹೊಟ್ಟೆ ಉರಿದುಹೋಯಿತು. ಇಂಥ ಮಾತು ಕೇಳಿಯೇ ಎಷ್ಟೋ ಜನ ಮತ್ತೆ ಸಿಗರೇಟು ಹಚ್ಚುತ್ತಾರೆ, ಅದು ಹೇಳಿದವರಿಗೆ ಗೊತ್ತಾಗೋದೇ ಇಲ್ಲ.

ದಪ್ಪ ಆಗಿರೋದು ನಿಜ. ಹೋದ ವಾರ ಗಾಂಧಿ ಬಜಾರಿನ ಟೈಲರ್ ಇವರ ಪ್ಯಾಂಟಿನ ಹಿಂದಿನ ಹೊಲಿಗೆಯನ್ನು ಬ್ಲೇಡಿನಲ್ಲಿ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯನ್ನೆಲ್ಲ ಬಿಟ್ಟು, "ಇನ್ನು ಬಿಡೋಕೆ ಬಟ್ಟೆ ಇಲ್ಲ ಮೇಡಂ" ಅಂದರು.

ಆದರೆ ಇದಕ್ಕೆ ಕಾರಣ ಇದೆ. ಸಿಗರೇಟಿನಲ್ಲಿರೋ ನಿಕೋಟಿನ್ ಹಸಿವನ್ನು ಅಡಗಿಸುತ್ತೆ, ಸುಮ್ನೆ ಕೂತಿದ್ದರೂ ದೇಹ ಸ್ವಲ್ಪ ಜಾಸ್ತಿ ಕ್ಯಾಲೊರಿ ಕರಗಿಸೋ ಹಾಗೆ ಮಾಡುತ್ತೆ. ಸಿಗರೇಟು ಬಿಟ್ಟಾಗ ಎರಡೂ ನಿಲ್ಲುತ್ತೆ. ನಾಲಿಗೆಗೆ ರುಚಿ, ಮೂಗಿಗೆ ವಾಸನೆ ವಾಪಸ್ ಬರುತ್ತೆ, ಅದಕ್ಕೇ ಇವರಿಗೆ ಈಗ ನಮ್ಮನೆ ಸಾರಿನ ಇಂಗು ಗೇಟಿನ ಹತ್ತಿರವೇ ಗೊತ್ತಾಗುತ್ತೆ! ಮೊದಲ ವರ್ಷದಲ್ಲಿ ಸರಾಸರಿ 4-5 ಕೆಜಿ ಏರೋದು ಮಾಮೂಲು, ಅದರಲ್ಲೂ ಮೊದಲ 3 ತಿಂಗಳಲ್ಲೇ ಜಾಸ್ತಿ. ಎಲ್ಲರಿಗೂ ಏರಲ್ಲ, ಕೆಲವರು ಇಳಿಯೋದೂ ಉಂಟು. ತೂಕ ಏರಿದರೂ ಹೃದಯಕ್ಕೆ ಸಿಗೋ ಲಾಭ ಹೋಗಲ್ಲ, ನನಗೆ ಬೇಕಾಗಿರೋದು ಅದೇ.

ಕಷ್ಟ ಇರೋದು ಸಂಜೆ ಟೀ ಹೊತ್ತಿಗೆ. ಮೊದಲು ಆಫೀಸ್ ಪಕ್ಕದ ಕಾಂಡಿಮೆಂಟ್ಸ್‌ನಲ್ಲಿ ಟೀ ಜೊತೆ ಸಿಗರೇಟು, ಈಗ ಆ ಜಾಗಕ್ಕೆ ಖಾರಾ ಬನ್ನು, ಬೆಣ್ಣೆ ಬಿಸ್ಕತ್ತು ಬಂದಿದೆ. ಕೈಗೆ ಬಾಯಿಗೆ ಏನೋ ಒಂದು ಬೇಕು ಅಲ್ವಾ? ಈಗ ಸೋಂಪಿನ ಡಬ್ಬಿ ಜೇಬಲ್ಲಿ, ಹೆಸರುಕಾಳು ಉಸಲಿ ಟಿಫನ್ ಡಬ್ಬಿಯಲ್ಲಿ ಕಳಿಸ್ತಿದ್ದೀನಿ. ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಇಬ್ಬರೂ ನಡೀತೀವಿ. ತೀರಾ ಚಡಪಡಿಸಿದ ದಿನ 1800-11-2356ಕ್ಕೆ ಫೋನ್ ಮಾಡ್ತಾರೆ, ತಂಬಾಕು ಬಿಡೋರಿಗೆ ಇರೋ ಉಚಿತ ಸಹಾಯವಾಣಿ ಅದು.

ಮನೆಗೆ ಬಂದವರೇ ರಾತ್ರಿ ಊಟ ಬಿಡ್ತೀನಿ ಅಂದರು. ಬೇಡ ಅಂದೆ. ಹಸಿದಾಗಲೇ ಸಿಗರೇಟಿನ ಆಸೆ ಜಾಸ್ತಿ ಅಂತ ಅವರೇ ಎಷ್ಟು ಸಲ ಹೇಳಿಲ್ಲ! ತೂಕದ ಲೆಕ್ಕ ಸಂಕ್ರಾಂತಿ ಕಳೆದ ಮೇಲೆ ನೋಡೋಣ ಅಂದಾಗ ಒಪ್ಪಿದರು. ರಾತ್ರಿಗೆ ಎರಡು ಚಪಾತಿ, ಹೀರೇಕಾಯಿ ಪಲ್ಯ ಮಾಡಿದ್ದೀನಿ.